‘ಭೂಮಿ’ ತಂತ್ರಾಂಶದ ಶೂನ್ಯದೋಷ

ದೊಡ್ಡ ತಂತ್ರಾಂಶ ಬಂದರೆ ಸರ್ಕಾರಿ ಕಚೇರಿ ತಾನೇ ಸರಿಹೋಗುತ್ತದೆ ಎನ್ನುವವರು ಹೊಸಕೋಟೆ ತಾಲ್ಲೂಕಿನ ಒಂದು ಪಹಣಿಯನ್ನು ಕೈಗೆತ್ತಿಕೊಳ್ಳಲಿ. ಕಂದಾಯ ಇಲಾಖೆಗಾಗಿ ಎನ್.ಐ.ಸಿ. ರೂಪಿಸಿದ ‘ಭೂಮಿ’ಯು 2000ದ ದಶಕದ ಆರಂಭದಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ಜೊತೆಗೇ ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. ನನ್ನ ಮಟ್ಟಿಗೆ ಯೋಜನೆ ಗೆದ್ದದ್ದು ಗಣಕಕ್ಕಿಂತ ಈ ಆಜ್ಞೆಯಿಂದ. ಹಳೆಯ ದಾರಿ ತೆರೆದೇ ಇದ್ದಿದ್ದರೆ ಹೊಸದನ್ನು ಯಾರು ತುಳಿಯುತ್ತಿದ್ದರು? ಸಿಬ್ಬಂದಿಯ ಬೆರಳಗುರುತು, ಖಾತೆ ಬದಲಾವಣೆ ಅರ್ಜಿಗಳಿಗೆ ಸರತಿ – ಇವೂ ಒಳ್ಳೆಯ ಏರ್ಪಾಡುಗಳೇ.

ಆದರೆ ಪ್ರಯೋಗಶಾಲೆಯ ಸ್ಕ್ರೂಗೇಜನ್ನು ನೆನೆಯಿರಿ. ಅದರಲ್ಲಿ ಶೂನ್ಯದೋಷವಿದ್ದರೆ ನೂರು ಸಲ ಅಳೆದು ಸರಾಸರಿ ತೆಗೆದರೂ ದೋಷ ಹೋಗದು. ‘ಭೂಮಿ’ಗೆ ಊಡಿದ್ದು ಹಳೆಯ ಪಹಣಿಯ ಅಂಕಿಗಳನ್ನು; ಜಮೀನನ್ನು ಮತ್ತೆ ಅಳೆಯಲಿಲ್ಲ. ಸರ್ವೆ ಇಲಾಖೆಯ ಆಕಾರಬಂದ್‌ಗೆ ತಾಳೆಯಾಗದ ವಿಸ್ತೀರ್ಣಗಳು, ಪೋಡಿಯಾಗದ ಜಂಟಿ ಪಹಣಿಗಳು ಹಾಗೆಯೇ ಒಳಸೇರಿದವು. ಒಂದು ಗುಂಟೆಯೆಂದರೆ 1089 ಚದರಡಿ. ಬೆಂಗಳೂರಿನ ಮಗ್ಗುಲಲ್ಲಿರುವ ಹೊಸಕೋಟೆಯಲ್ಲಿ ಅಷ್ಟೇ ಒಂದು ಮನೆಯ ನಿವೇಶನ! ಮುದ್ರಿತ ಅಂಕಿಯನ್ನು ಜನ ಬೇಗ ನಂಬುವುದರಿಂದ ತಪ್ಪು ಮೊದಲಿಗಿಂತ ಗಟ್ಟಿಯಾಗಿ ಕೂರುತ್ತದೆ.

ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವಾಗ 11–ಇ ನಕ್ಷೆ ಬೇಕೆಂದ ಮೇಲೆ, ಮಾರಾಟವಾಗುವ ತುಂಡುಗಳಾದರೂ ಅಳತೆಗೆ ಬಂದವು. ಮಾರದೆ ಉಳುತ್ತಿರುವವನ ಹೊಲಕ್ಕೆ ಸರಪಳಿ ಹಿಡಿಯುವವರು ಯಾರು?