ಮುಂದಿನ ಗುರುವಾರ

ತಾಯಿ ಕಾರ್ಡನ್ನು ಯಾರೂ ಒಂದು ಕೃತಿಯಂತೆ ಓದುವುದಿಲ್ಲ. ರೇಷನ್ ಕಾರ್ಡು, ಆಧಾರ್ ಜೆರಾಕ್ಸುಗಳ ಜೊತೆ ಅದೂ ಒಂದು ಪ್ಲಾಸ್ಟಿಕ್ ಚೀಲದೊಳಗೆ, ಟ್ರಂಕಿನ ತಳದಲ್ಲಿ ಇರುತ್ತದೆ. ಆದರೆ ಕಲಬುರಗಿ ಸೀಮೆಯ ಹೆಣ್ಣುಮಕ್ಕಳ ಕೈಗೆ ನೇರವಾಗಿ ತಲುಪುವ ಕನ್ನಡ ಪಠ್ಯ ಯಾವುದು ಎಂದು ಕೇಳಿದರೆ ನಾನು ಮೊದಲು ಹೆಸರಿಸುವುದು ಇದನ್ನೇ. ಹಾಗಿದ್ದ ಮೇಲೆ ಅದನ್ನೂ, ಅದರ ಸುತ್ತ ಹುಟ್ಟಿಕೊಂಡ ಭಿತ್ತಿಪತ್ರ, ಬೀದಿನಾಟಕ, ಜಾಗೃತಿ ಗೀತೆಗಳನ್ನೂ ವಿಮರ್ಶೆ ಯಾಕೆ ಮುಟ್ಟಬಾರದು?

ಕಾರ್ಡಿನ ಲಸಿಕೆ ಕೋಷ್ಟಕ ಸರಳವಾಗಿದೆ. ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ. ಆಮೇಲೆ 6, 10, 14 ವಾರ. 9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ. 16ರಿಂದ 24 ತಿಂಗಳೊಳಗೆ ಅದರ ಎರಡನೆಯ ಡೋಸು ಮತ್ತು ಡಿಪಿಟಿ ಬೂಸ್ಟರ್, 5-6 ವರ್ಷಕ್ಕೆ ಇನ್ನೊಂದು ಬೂಸ್ಟರ್. ಆಶಾ ಕಾರ್ಯಕರ್ತೆ ಇದನ್ನು ಓದಿ ಹೇಳುವಾಗ ತಾನೇ ಅನುವಾದಕಿಯಾಗುತ್ತಾಳೆ: ಒಂದೂವರೆ ತಿಂಗಳು, ಎರಡೂವರೆ, ಮೂರೂವರೆ. ಕೂಸಿನ ವಯಸ್ಸನ್ನು ವಾರದಲ್ಲಿ ಎಣಿಸುವ ಮನೆ ಇಲ್ಲಿಲ್ಲ. ಪಠ್ಯಕ್ಕೂ ಓದುಗಳಿಗೂ ನಡುವಿನ ಮೊದಲ ಬಿರುಕು ಅಲ್ಲೇ ಇದೆ, ಅದನ್ನು ಮುಚ್ಚುತ್ತಿರುವವಳು ಗೌರವಧನಕ್ಕೆ ದುಡಿಯುವ ಒಬ್ಬ ಹೆಣ್ಣುಮಗಳು.

ಎರಡನೆಯ ಬಿರುಕು ಇನ್ನೂ ಆಳದ್ದು. ನಮ್ಮ ಜಾಗೃತಿ ಸಾಹಿತ್ಯ ತನ್ನೆದುರು ಒಬ್ಬ ಹಟಮಾರಿಯನ್ನು ಕಲ್ಪಿಸಿಕೊಂಡಿದೆ. ಬೀದಿನಾಟಕದಲ್ಲಿ ಅವನು ಮೂಢನಂಬಿಕೆಯ ಮಾವ, ಅವಳು ಸೂಜಿಗೆ ಹೆದರುವ ಅತ್ತೆ. ಕೊನೆಯ ದೃಶ್ಯದಲ್ಲಿ ಇಬ್ಬರಿಗೂ ಜ್ಞಾನೋದಯ. ಆದರೆ ಕಮಲಾಪುರದ ಸುತ್ತಿನ ಹಳ್ಳಿಗಳಲ್ಲಿ ಲಸಿಕೆ ಒಲ್ಲೆ ಅನ್ನುವವರು ವಿರಳ. ಅಲ್ಲಿ ಕೇಳುವ ಮಾತು ಬೇರೆ: "ಕೂಸಿಗಿ ನೆಗಡಿ ಆಗ್ಯಾದ, ಬರೋ ಗುರುವಾರ ಬರ್ತೀವ್ರಿ." ಗುರುವಾರ ಲಸಿಕೆಯ ದಿನ. ಆ ಮಾತಿನಲ್ಲಿ ವಿರೋಧವಿಲ್ಲ, ವಿನಯವಿದೆ. ಬಾಣಂತಿ ತವರಿನಲ್ಲಿದ್ದಾಳೆ, ಕಾರ್ಡು ಗಂಡನ ಮನೆಯಲ್ಲಿದೆ. ಐದನೆಯ ತಿಂಗಳಿಗೆ ಕೂಸು ಊರು ಬದಲಿಸುತ್ತದೆ. ಸುಗ್ಗಿ ಮುಗಿದ ಮೇಲೆ ಮನೆಮಂದಿಯೆಲ್ಲ ಹೈದರಾಬಾದಿಗೋ ಪುಣೆಗೋ ದುಡಿಯಲು ಹೊರಡುತ್ತಾರೆ. ಒಂದು ಗುರುವಾರ ನಾಲ್ಕಾಗುತ್ತದೆ. ಇಷ್ಟಕ್ಕೆಲ್ಲ ಮೂಢನಂಬಿಕೆ ಎಂದು ಹೆಸರಿಡುವುದು ಸೋಮಾರಿ ಬರವಣಿಗೆ.

ಕಲಬುರಗಿ ನಗರದ ಮುಂದೂಡಿಕೆಗೆ ಓದಿದವರ ಧಾಟಿ. ಅಲ್ಲಿ ತಂದೆತಾಯಿ ಮೊಬೈಲಿನಲ್ಲಿ ಏನೋ ಓದಿ, ಇಷ್ಟು ಸಣ್ಣ ಮೈಗೆ ಇಷ್ಟೊಂದು ಸೂಜಿ ಯಾಕೆ, ಸ್ವಲ್ಪ ಬಲಿಯಲಿ ಅನ್ನುತ್ತಾರೆ. 2017ರ ಫೆಬ್ರುವರಿಯಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸ್ಆ್ಯಪ್‌ನಲ್ಲಿ ವದಂತಿ ಹರಿದಾಡಿತ್ತು. ವದಂತಿಗೆ ಕಥೆ ಇರುತ್ತದೆ, ಸ್ಪಷ್ಟೀಕರಣಕ್ಕೆ ಇರುವುದಿಲ್ಲ. ಇದು ಸಾಹಿತ್ಯದ ವಿದ್ಯಾರ್ಥಿಗಳು ಯೋಚಿಸಬೇಕಾದ ಸಂಗತಿ. 'ಸಂಸ್ಕಾರ'ದಲ್ಲಿ ಪ್ಲೇಗ್ ಒಂದು ಅಗ್ರಹಾರವನ್ನೇ ಅಲುಗಿಸುತ್ತದೆ. ಬಂದ ರೋಗ ಕಾದಂಬರಿಯಾಗಬಲ್ಲದು, ಬಾರದ ರೋಗಕ್ಕೆ ಎಲ್ಲಿಯ ಕಥೆ? ನಾಯಿಕೆಮ್ಮು ಬಾರದೆ ಬೆಳೆದ ಕೂಸಿನ ಬಗ್ಗೆ ಯಾರೂ ಏನೂ ಬರೆದಿಲ್ಲ.

ಹಿಂದೆ ನಮ್ಮ ಆಡುಮಾತು ಇಷ್ಟು ಬಡವಾಗಿರಲಿಲ್ಲ. ಸಿಡುಬಿನ ಕಾಲದಲ್ಲಿ ಲಸಿಕೆಗೆ 'ದೇವಿ ಹಾಕಿಸುವುದು' ಅನ್ನುತ್ತಿದ್ದರು. ಬೇನೆಯ ಹೆಸರೂ ದೇವಿ, ಬೇನೆ ತಡೆಯುವ ಮದ್ದಿನ ಹೆಸರೂ ದೇವಿ. ಜನ ಹೊಸದನ್ನು ಒಪ್ಪಿಕೊಂಡದ್ದು ಹಳೆಯದನ್ನು ಬಯ್ದು ಅಲ್ಲ, ಅದರ ಹೆಸರನ್ನೇ ಇದಕ್ಕೂ ಕೊಟ್ಟು. 'ಲಸಿಕಾಕರಣ' ಎಂಬ ಪದ ತಯಾರಿಸಿದವರಿಗೆ ಈ ಜಾಣತನ ಇರಲಿಲ್ಲ.

ಕಾರ್ಡಿನಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಎಂದರೆ ಅದು ದಿನಾಂಕ ಕೊಡುತ್ತದೆ, ಕಾರಣ ಕೊಡುವುದಿಲ್ಲ. ಆರನೆಯ ವಾರವೇ ಯಾಕೆ? ನಾಯಿಕೆಮ್ಮು ಹೆಚ್ಚಾಗಿ ಕೊಲ್ಲುವುದು ಮೊದಲ ಕೆಲವು ತಿಂಗಳ ಕೂಸುಗಳನ್ನೇ. ಬಲಿಯಲಿ ಎಂದು ಕಾಯುವ ಆ ತಿಂಗಳುಗಳೇ ಅದರ ತಿಂಗಳುಗಳು. ಒಂಬತ್ತೇ ಯಾಕೆ? ದಡಾರದಿಂದ ಕಾಯಲು ತಾಯಿ ತನ್ನ ರಕ್ತದಿಂದ ಕೊಟ್ಟ ಬಲ ಅಷ್ಟರೊಳಗೆ ಕರಗಿರುತ್ತದೆ. ತೀರ ಮೊದಲು ಹಾಕಿದರೆ ಆ ಬಲವೇ ಲಸಿಕೆಗೆ ಅಡ್ಡ ಬರುತ್ತದೆ, ತಡವಾದರೆ ಕೂಸು ಬಯಲಲ್ಲಿ ನಿಂತಂತೆ. ಇದಕ್ಕೆ ಒಕ್ಕಲುತನದ ಕನ್ನಡದಲ್ಲಿ ಒಂದು ಪದ ಮೊದಲೇ ಇದೆ: ಹದ. ತೊಗರಿ ಬಿತ್ತುವ, ಕೆಂಪು ಬಾಳೆಯ ಗೊನೆಗೆ ಒಂದೂವರೆ ವರ್ಷ ಕಾಯುವ ಕಮಲಾಪುರದ ರೈತನಿಗೆ ಹದ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಭಿತ್ತಿಪತ್ರ ಮಾತ್ರ 'ನಿಗದಿತ ಅವಧಿ' ಅನ್ನುತ್ತದೆ, ವಿದ್ಯುತ್ ಬಿಲ್ಲಿನ ಹಾಗೆ.

ತಡದ ಕರ್ತೃ ಮನೆಯವರು ಮಾತ್ರವೇ ಎಂಬುದೂ ಪರೀಕ್ಷಿಸಬೇಕಾದ ಓದು. ಬಿಸಿಜಿಯದಾಗಲಿ ದಡಾರ-ರುಬೆಲ್ಲಾದ್ದಾಗಲಿ, ಒಮ್ಮೆ ಸೀಸೆ ಒಡೆದು ಕಲಸಿದರೆ ನಾಲ್ಕು ತಾಸಿನೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಒಂದೇ ಕೂಸು ಬಂದರೂ ಸೀಸೆ ಒಡೆಯಿರಿ ಎಂಬುದು ನಿಯಮ. ಆದರೆ ಚೆಲ್ಲಿದ ಲೆಕ್ಕ ಬರೆಯಬೇಕಾದ ಸಿಸ್ಟರ್, ಇನ್ನೂ ನಾಲ್ಕು ಮಕ್ಕಳು ಕೂಡಲಿ, ಬರುವ ಗುರುವಾರ ಕರಕೊಂಡು ಬಾರವ್ವಾ ಅಂದರೆ? ಅದೇ ವಾಕ್ಯ, ಈ ಸಲ ಮೇಜಿನ ಆಚೆಯಿಂದ. 2014ರ ಡಿಸೆಂಬರಿನಲ್ಲಿ ಶುರುವಾದ ಇಂದ್ರಧನುಷ್ ಅಭಿಯಾನದ ಮೊದಲ 201 ಜಿಲ್ಲೆಗಳಲ್ಲಿ ಕಲಬುರಗಿಯೂ ಇತ್ತು. ಆ ಪಟ್ಟಿಯನ್ನು ತಾಯಂದಿರ ಅಜ್ಞಾನದ ಪಟ್ಟಿ ಎಂದು ಓದುವವರು ಈ ಸೀಸೆಯನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ನೆಗಡಿ, ಸಣ್ಣ ಕೆಮ್ಮು ಇದ್ದರೆ ಲಸಿಕೆ ನಿಲ್ಲಿಸಬೇಕಿಲ್ಲ. ತಪ್ಪಿದ ಡೋಸನ್ನು ಬಿಟ್ಟಲ್ಲಿಂದ ಮುಂದುವರಿಸಬಹುದು, ಮೊದಲಿಂದ ಶುರು ಮಾಡಬೇಕಿಲ್ಲ. ತಡವಾಗಿ ಹೋದರೆ ಬಯ್ಯುತ್ತಾರೆಂದು ಹೋಗುವುದನ್ನೇ ಬಿಟ್ಟ ತಾಯಿಗೆ ಮೊದಲು ಕೇಳಬೇಕಾದ ಸಾಲುಗಳು ಇವು. ಆದರೆ ಎಲ್ಲ ಬಾಗಿಲೂ ತೆರೆದಿರುವುದಿಲ್ಲ: ಹೆಪಟೈಟಿಸ್-ಬಿಯ ಹುಟ್ಟಿನ ಡೋಸಿಗೆ 24 ತಾಸು, ಬಿಸಿಜಿಗೆ ಒಂದು ವರ್ಷ, ರೋಟಾವೈರಸ್ ಮೊದಲ ಹನಿಗೂ ಒಂದು ವರ್ಷ.

ಇನ್ನು ಕೋಷ್ಟಕದ 5-6 ವರ್ಷದ ಸಾಲು. ಅಷ್ಟೊತ್ತಿಗೆ ಮನೆಯಲ್ಲಿ ಎರಡನೆಯ ಕೂಸಿನ ಕಾರ್ಡು ಬಂದಿರುತ್ತದೆ, ಮೊದಲನೆಯದು ಟ್ರಂಕು ಸೇರಿರುತ್ತದೆ. ಹೊರಟೇ ಹೋಯಿತೆಂದುಕೊಂಡಿದ್ದ ಗಂಟಲುಮಾರಿ ಉತ್ತರ ಕರ್ನಾಟಕದಲ್ಲಿ ಈ ಶತಮಾನದಲ್ಲೂ ಕಾಣಿಸಿಕೊಂಡಿದೆ. ಈಗ ಅದು ಹುಡುಕಿಕೊಂಡು ಬರುವುದು ತೊಟ್ಟಿಲ ಕೂಸನ್ನಷ್ಟೇ ಅಲ್ಲ, ಪಾಟಿಚೀಲ ಹಾಕಿಕೊಂಡು ಶಾಲೆಗೆ ಹೋಗುವ ಮಕ್ಕಳನ್ನು.