ಹಳದಿ ಕಬ್ ನೆಲ ಮುಟ್ಟುವ ಹೊತ್ತು

ಪೈಪರ್ ಜೆ-3 ಕಬ್ ವಿಮಾನ ಸುಮ್ಮನೆ ನಿಂತಿದ್ದರೂ ಚೆಂದ. ಮುಂದೆ ಎರಡು ದಪ್ಪ ಗಾಲಿ, ಬಾಲದ ಕೆಳಗೆ ಪುಟ್ಟದೊಂದು, ಮೂಗು ಆಕಾಶಕ್ಕೆ. ಹಳದಿ ಬಟ್ಟೆಯ ಮೈಮೇಲೆ ಕಪ್ಪು ಮಿಂಚಿನ ಗೆರೆ. ಪೆಟ್ರೋಲ್ ಎಷ್ಟಿದೆಯೆಂದು ತೋರಿಸಲು ಮೂಗಿನ ಮೇಲೊಂದು ತಂತಿ, ಅದರ ಬುಡದಲ್ಲಿ ಟ್ಯಾಂಕಿನೊಳಗೆ ತೇಲುವ ಬೆಂಡು. ಅಷ್ಟೇ ಮೀಟರು! ಪೆನ್ಸಿಲ್ವೇನಿಯಾದ ಲಾಕ್ ಹೇವನ್‌ನಲ್ಲಿ 1938ರಿಂದ 1947ರವರೆಗೆ ಇಂಥವು ಸುಮಾರು 20,000 ತಯಾರಾದವು.

ಕೇಡು ಅಡಗಿರುವುದೂ ಈ ಚೆಂದದ ನಿಲುವಿನಲ್ಲೇ. ವಿಮಾನದ ಭಾರ ಮುಂಗಾಲಿಗಳ ಹಿಂದೆ ಬೀಳುತ್ತದೆ. ಇಳಿದು ಓಡುವಾಗ ಮೂಗು ತುಸು ಅಡ್ಡ ತಿರುಗಿತೋ, ಗಾಲಿಗಳು ನೆಲವನ್ನು ಹಿಡಿದುಕೊಳ್ಳುತ್ತವೆ, ಹಿಂದಿನ ಭಾರ ಅವನ್ನು ದಾಟಿ ಮುನ್ನುಗ್ಗಲು ನೋಡುತ್ತದೆ. ತಿರುವು ತಿರುವನ್ನೇ ಬೆಳೆಸುತ್ತದೆ. ಬಾಲದ ಹಲಗೆ ತಿರುಗಿಸುವ ರಡ್ಡರ್ ಪೆಡಲ್ ಒತ್ತುವುದು ತಡವಾದರೆ ವಿಮಾನ ಗಿರ್ರನೆ ಸುತ್ತಿ, ಬಂದ ದಾರಿಗೇ ಮುಖ ಮಾಡಿ ನಿಂತರೂ ನಿಂತೀತು. ಪೈಲಟರು ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ. ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತದೆ, ಗಾಲಿಯ ಕಾಲು ಮುರಿಯುವುದೂ ಉಂಟು. ಗಾಬರಿಯಲ್ಲಿ ಬ್ರೇಕ್ ಅದುಮಿದರೆ ವಿಮಾನ ಮುಗ್ಗರಿಸಿ ಪ್ರೊಪೆಲರ್ ಮಣ್ಣಿಗೆ ಬಡಿಯುತ್ತದೆ. ವೇಗ ಕಡಿಮೆಯಾದ್ದರಿಂದ ಒಳಗಿದ್ದವರಿಗೆ ದೊಡ್ಡ ಪೆಟ್ಟಾಗುವುದು ಅಪರೂಪ, ಹೋಗುವುದು ಮಾನ.

ಪಳಗಿದವರು ಇಳಿಸುವುದನ್ನು ನೋಡಬೇಕು. ನೆಲ ಇನ್ನು ಗೇಣುದ್ದ ಎನ್ನುವಾಗ ಸ್ಟಿಕ್ಕನ್ನು ಮೆಲ್ಲಮೆಲ್ಲಗೆ ಹಿಂದಕ್ಕೆಳೆಯುತ್ತ, ಇಳಿಯಗೊಡದೆ ತಡೆಹಿಡಿಯುತ್ತಾರೆ. ವೇಗ ಗಂಟೆಗೆ 60 ಕಿಲೋಮೀಟರಿನ ಆಸುಪಾಸಿಗೆ ಬಂದು, ರೆಕ್ಕೆ ಇನ್ನು ಹೊರಲಾರೆ ಎನ್ನುವ ಗಳಿಗೆಯಲ್ಲಿ ಮೂರೂ ಗಾಲಿ ಒಟ್ಟಿಗೆ ಹುಲ್ಲು ಮುಟ್ಟುತ್ತವೆ. ಒಬ್ಬರೇ ಹಾರಿಸುವಾಗ ಕಬ್‌ನಲ್ಲಿ ಹಿಂದಿನ ಸೀಟೇ ಗತಿ. ಎತ್ತಿದ ಮೂಗು ಎದುರಿನ ರನ್‌ವೇಯನ್ನು ನುಂಗಿಬಿಟ್ಟಿರುತ್ತದೆ. ಕಣ್ಣು ಎರಡೂ ಅಂಚುಗಳನ್ನು ಹಿಡಿದಿರುತ್ತದೆ, ಪಾದಗಳು ರಡ್ಡರಿನ ಮೇಲೆ ಕುಣಿಯುತ್ತಿರುತ್ತವೆ. ಹೊರಗೆ ನಿಂತವರಿಗೆ ಕಾಣುವುದು ಬಾಲದ ಹಲಗೆ ಅತ್ತಿತ್ತ ಮಿಡಿಯುವುದಷ್ಟೇ. ಹುಲ್ಲುನೆಲ ಉದಾರಿ, ಗಾಲಿ ಕೊಂಚ ಅಡ್ಡಜಾರಲು ಬಿಡುತ್ತದೆ. ಡಾಂಬರಿಗೆ ಆ ಔದಾರ್ಯವಿಲ್ಲ.

ಮೂಗಿನಡಿ ಗಾಲಿಯಿರುವ ಈಗಿನ ವಿಮಾನಗಳಲ್ಲಿ ಭಾರ ಮುಖ್ಯ ಗಾಲಿಗಳ ಮುಂದಿರುತ್ತದೆ. ಅಡ್ಡ ತಿರುಗಿದರೂ ತಾವಾಗಿ ನೇರವಾಗುತ್ತವೆ. ಕ್ಷೇಮವೇನೋ ಹೌದು, ನೋಡಲು ಮಾತ್ರ ಸಪ್ಪೆ. ಅಮೆರಿಕದಲ್ಲಿ ಈಗ ಹೊಸಬರು ಬಾಲಗಾಲಿಯ ವಿಮಾನವನ್ನು ತಾವೇ ಹಾರಿಸಬೇಕಾದರೆ ಪ್ರತ್ಯೇಕ ತರಬೇತಿ ಪಡೆದು ಬೋಧಕರ ಸಹಿ ಹಾಕಿಸಿಕೊಳ್ಳಬೇಕು.

ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಮೊದಲು ಹಾರಿಸಿದ ಪುಷ್ಪಕ್ ಕೂಡ ಇದೇ ಕುಲದ್ದು: ಬಟ್ಟೆ ಹೊದ್ದ ಮೈ, 90 ಅಶ್ವಶಕ್ತಿಯ ಎಂಜಿನ್, ಅಕ್ಕಪಕ್ಕ ಎರಡು ಸೀಟು, ಬಾಲದಲ್ಲಿ ಗಾಲಿ. ನಮ್ಮ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿ ಈ ಕಾಲ್ಕುಣಿತ ಕಲಿತದ್ದು ಅದರಲ್ಲೇ.