ಎಳೆ ಎಣಿಸಿದರೆ ಸಾಲದು

ಮೊಳಕಾಲ್ಮುರು ಮಗ್ಗದಿಂದ ಇಳಿದ ಸೀರೆಯಲ್ಲಿ ರೇಷ್ಮೆ ಎಳೆಗಳ ನಡುವಿನ ಸಂದು ನೇಯ್ದಂತೆಯೇ ಉಳಿಯುತ್ತದೆ. ಮಿದುಳಿನ ರಕ್ತನಾಳದ ಉಬ್ಬಿಗೆ, ಅಂದರೆ ಅನ್ಯೂರಿಸಂಗೆ, ಇಡುವ ಫ್ಲೋ ಡೈವರ್ಟರ್ ಎಂಬ ಲೋಹದ ಹೆಣಿಗೆಯದು ಬೇರೆಯೇ ಕತೆ. ನಾಳದ ಅಗಲಕ್ಕೆ ತಕ್ಕಂತೆ ಅದು ಹಿಗ್ಗುತ್ತದೆ. ಬಿಚ್ಚುವಾಗ ವೈದ್ಯರು ತಳ್ಳಿದರೆ ದಟ್ಟ, ಎಳೆದರೆ ವಿರಳ. ಪೈಪ್‌ಲೈನ್ ಎಂಬ ಬ್ರ್ಯಾಂಡ್‌ಗೆ 48 ಎಳೆ, ಸರ್ಪಾಸ್ ಇವಾಲ್ವ್‌ಗೆ 64, ಫ್ರೆಡ್‌ಗೆ ಎರಡು ಪದರ ಎಂದು ಕಂಪನಿಗಳು ಒಪ್ಪಿಸುವ ಲೆಕ್ಕಕ್ಕೆ ಹಾಗಾಗಿ ನಾನು ಅಷ್ಟೇನೂ ಬೆಲೆ ಕೊಡಲಾರೆ.

ಉಪಾಯ ಮಾತ್ರ ಸೊಗಸಾದದ್ದು. ಉಬ್ಬಿನೊಳಗೆ ಏನನ್ನೂ ತುರುಕುವುದಿಲ್ಲ. ಅದರ ಬಾಯಿಗೆ ಬಲೆ ಅಡ್ಡವಾದಾಗ ಒಳಗಿನ ರಕ್ತದ ಸುಳಿ ನಿಧಾನವಾಗಿ ಹೆಪ್ಪುಗಟ್ಟುತ್ತದೆ, ತಿಂಗಳುಗಳಲ್ಲಿ ನಾಳದ ಒಳಪೊರೆ ಬಲೆಯ ಮೇಲೆ ಬೆಳೆಯುತ್ತದೆ.

2011ರಲ್ಲಿ ಅಮೆರಿಕದ ಒಪ್ಪಿಗೆ ಪಡೆದ ಪೈಪ್‌ಲೈನ್, ತನ್ನ 'ಪಫ್ಸ್' ಪ್ರಯೋಗದಲ್ಲಿ ಆರು ತಿಂಗಳಿಗೆ ಶೇ. 73.6ರಷ್ಟು ಯಶಸ್ಸು ತೋರಿಸಿತು. ಸರ್ಪಾಸ್‌ನ 'ಸೆಂಟ್' ಪ್ರಯೋಗ ಒಂದು ವರ್ಷಕ್ಕೆ ತೋರಿಸಿದ್ದು ಶೇ. 62.8. ಎರಡನ್ನೂ ಅಕ್ಕಪಕ್ಕ ಇಟ್ಟು ಗೆದ್ದವರು ಯಾರೆಂದು ಹೇಳುವುದು ಸುಲಭ. ಆದರೆ ರೋಗಿಗಳೇ ಬೇರೆ, ಉಬ್ಬುಗಳೇ ಬೇರೆ, ಅವಧಿಯೂ ಬೇರೆ. ಎರಡೂ ಪ್ರಯೋಗಗಳಲ್ಲಿ ಸಾಧನವನ್ನು ಸಾಧನದ ಎದುರು ನಿಲ್ಲಿಸಿರಲೇ ಇಲ್ಲ.

ಇನ್ನೊಂದು ಸಂಗತಿ ಈ ಹೋಲಿಕೆಗಳಲ್ಲಿ ಮರೆಯಾಗುತ್ತದೆ. ಉಬ್ಬು ಒಡೆದು, ತಡೆಯಲಾರದ ತಲೆನೋವಿನಿಂದ ಆಸ್ಪತ್ರೆ ಸೇರಿದವರಿಗೆ ಫ್ಲೋ ಡೈವರ್ಟರ್ ಸಾಮಾನ್ಯವಾಗಿ ಮೊದಲ ಆಯ್ಕೆಯಲ್ಲ. ಅಲ್ಲಿ ಉಬ್ಬಿನೊಳಗೆ ತುಂಬುವ ಕಾಯಿಲ್ ಅಥವಾ ಅದರ ಬುಡಕ್ಕೆ ಹಾಕುವ ಕ್ಲಿಪ್. ಏಕೆಂದರೆ ಬಲೆ ಇಟ್ಟ ಮೇಲೆ ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್‌ನಂಥ ಇನ್ನೊಂದು ಮಾತ್ರೆಯನ್ನೂ ತಿಂಗಳುಗಟ್ಟಲೆ ನುಂಗಬೇಕು, ಅದು ರಕ್ತಸ್ರಾವಕ್ಕೆ ದಾರಿ. ದಕ್ಷಿಣ ಏಷ್ಯಾದ ಅನೇಕರಲ್ಲಿ ಕ್ಲೊಪಿಡೊಗ್ರೆಲ್ ಆನುವಂಶಿಕ ಕಾರಣದಿಂದ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೆಲಸ ಮಾಡದಿದ್ದರೆ ಬಲೆಯಲ್ಲೇ ಹೆಪ್ಪುಗಟ್ಟಿ ಪಾರ್ಶ್ವವಾಯು ಬರಬಹುದು. ಲೇಪನವಿರುವ ಹೊಸ ಬಲೆಗಳು ಹೆಪ್ಪುಗಟ್ಟುವಿಕೆ ತಗ್ಗಿಸುತ್ತವೆ ಎನ್ನುತ್ತಾರೆ. ಆದರೂ ಹೆಚ್ಚಿನ ಕಡೆ ಮಾತ್ರೆ ಎರಡೇ.

ಚಳ್ಳಕೆರೆಯಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಸುಮಾರು 200 ಕಿ.ಮೀ. ಬಲೆ ಇಟ್ಟ ಮೇಲೆ ತಪಾಸಣೆಯ ಆಂಜಿಯೋಗ್ರಾಂಗೆ ಆಗಾಗ ಹೋಗಿಬರುವುದೆಂದರೆ ಕಡಲೆಕಾಯಿ ಬಿತ್ತನೆಯ ಹೊತ್ತಿನಲ್ಲಿ ಜೊತೆಗೊಬ್ಬರ ಕೂಲಿಯೂ ಹೋದಂತೆ. ಊರಿನಲ್ಲಿ ಹಲ್ಲು ಕೀಳಿಸಲು ಹೋದಾಗ, "ನಾಲ್ಕು ದಿನ ಮಾತ್ರೆ ಬಿಡಿ" ಎಂದು ಯಾರಾದರೂ ಹೇಳಿಬಿಟ್ಟರೆ, 48 ಎಳೆಯಿರಲಿ 64 ಎಳೆಯಿರಲಿ, ಅಪಾಯ ಒಂದೇ. ಯಾವ ಕಂಪನಿಯದ್ದು ಎಂದು ಕೇಳುವ ಮನೆಯವರು ಬಲೆ ಇಡುವ ಮುಂಚೆಯೇ, ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಪ್ಲೇಟ್‌ಲೆಟ್ ಪರೀಕ್ಷೆ ಆಗಿದೆಯೇ, ಮಾತ್ರೆ ನಿಲ್ಲಿಸಬೇಕಾಗಿ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂದೂ ಕೇಳಿಟ್ಟುಕೊಳ್ಳಲಿ.